ಸರದಿ ಸಂಘವಾದದ್ದು

ರೈಲು ಹಳಿಗೂ ದೊಡ್ಡ ಚರಂಡಿ ಕಾಲುವೆಗೂ ನಡುವೆ ಸಿಕ್ಕಿಕೊಂಡಿದ್ದ ಆ ನಾಲ್ಕು ಬೀದಿಗಳಲ್ಲಿ ಅವಳನ್ನು ಎಲ್ಲರೂ ಹೊಲಿಗೆ ಅಕ್ಕ ಎನ್ನುತ್ತಿದ್ದರು. ಊರಿನ ಆಚೆ ತುದಿಯ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಅವಳ ಕೆಲಸ: ಹರಿದ ಹೊದಿಕೆ, ಪರದೆ, ಮೇಜುಬಟ್ಟೆಗಳನ್ನು ಹೊಲಿದು ಮತ್ತೆ ಮೇಲಿನ ಮಹಡಿಗಳಿಗೆ ಕಳಿಸುವುದು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವಳೂ ಅವಳ ತಮ್ಮನೂ ಇಬ್ಬರೇ. ತಮ್ಮನಿಗೆ ಮೂವತ್ತು ದಾಟಿ ಎಷ್ಟೋ ವರ್ಷಗಳಾಗಿದ್ದರೂ ಬುದ್ಧಿ ಇನ್ನೂ ಅಂಗನವಾಡಿಯ ಮಗುವಿನದು. ಜೊತೆಗೆ ಚಿಕ್ಕಂದಿನಿಂದ ಬಂದ ಮೂರ್ಛೆರೋಗ. ಎದುರಿಗೆ ಸಿಕ್ಕವರಿಗೆಲ್ಲ ಹಣೆಗೆ ಕೈ ಹಚ್ಚಿ ‘ಸಾರ್’ ಎಂದು ಸಲಾಮು ಹೊಡೆಯುವುದು ಅವನ ಅಭ್ಯಾಸ. ಗಂಡಸಿಗೂ ಸಾರ್, ಹೆಂಗಸಿಗೂ ಸಾರ್, ಹಾಲಿನ ಗಾಡಿಗೂ ಸಾರ್. ಹಾಗಾಗಿ ಬೀದಿಯ ಹೆಂಗಸರು ನಗುತ್ತ ಅವನನ್ನೇ ಸಾರ್ ಎಂದು ಕರೆಯತೊಡಗಿದರು, ಅದೇ ಅವನ ಹೆಸರಾಗಿ ನಿಂತಿತು.

ತಾಯಿ ಇರುವ ತನಕ ಚಿಂತೆಯಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅಕ್ಕ ಇದ್ದಬದ್ದ ರಜೆಯನ್ನೆಲ್ಲ ಮುಗಿಸಿದಳು. ಆಮೇಲೆ ಬೇರೆ ದಾರಿ ಕಾಣದೆ ಅವನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗತೊಡಗಿದಳು. ಸಾರ್ ದಿನವಿಡೀ ಕಿಟಕಿಯ ಸರಳು ಹಿಡಿದು ನಿಂತು ಹೋಗಿಬರುವವರಿಗೆ ಸಲಾಮು ಹೊಡೆಯುತ್ತಿದ್ದ.

ಎದುರು ಮನೆಯಲ್ಲಿ ಒಬ್ಬರು ನಿವೃತ್ತ ಬಸ್ ಡ್ರೈವರ್ ಇದ್ದರು. ಅವರ ಹೆಂಡತಿ ಓಡಾಡಿಕೊಂಡಿದ್ದ ಕಾಲದಲ್ಲಿ ಬೀದಿಯ ಹೆಂಗಸರನ್ನೆಲ್ಲ ತಂಗಿ, ತಂಗಿ ಎಂದು ಕರೆದು ದೊಡ್ಡಕ್ಕ ಎನಿಸಿಕೊಂಡಿದ್ದರು. ದೊಡ್ಡಕ್ಕನ ಗಂಡನಾದ್ದರಿಂದ ಡ್ರೈವರ್ ಎಲ್ಲರಿಗೂ ಭಾವನಾದರು. ಈಗ ದೊಡ್ಡಕ್ಕನಿಗೆ ಪಾರ್ಶ್ವವಾಯು ಹೊಡೆದು ಮಾತೂ ಹೋಗಿತ್ತು, ಎದ್ದು ಕೂರುವುದೂ ಹೋಗಿತ್ತು. ಭಾವ ಬೆಳಗ್ಗೆ ಸಂಜೆ ಶಾಲೆಯ ಮಕ್ಕಳ ವ್ಯಾನು ಓಡಿಸಿ, ನಡುವಿನ ಹೊತ್ತೆಲ್ಲ ಹೆಂಡತಿಯ ಹತ್ತಿರ ಇರುತ್ತಿದ್ದರು. ಕಿಟಕಿಯ ಸಲಾಮನ್ನು ಅವರು ಕೆಲವು ದಿನ ನೋಡಿದರು. ಆಮೇಲೊಂದು ಸಂಜೆ ಅಕ್ಕ ಕೆಲಸದಿಂದ ಬರುವ ಹೊತ್ತಿಗೆ ಅವಳ ಮನೆಯ ಮೆಟ್ಟಿಲ ಮೇಲೆ ಕಾದು ಕೂತಿದ್ದರು.

“ಬೀಗದ ಕೈ ನನ್ನ ಹತ್ತಿರ ಕೊಟ್ಟು ಹೋಗಮ್ಮ,” ಎಂದರು. “ನಾನೂ ಮನೇಲಿ ಸುಮ್ಮನೆ ಕೂತಿರ್ತೀನಿ, ಇವನೂ ಸುಮ್ಮನೆ ನಿಂತಿರ್ತಾನೆ. ಇಬ್ಬರೂ ಒಂದೇ ಕಡೆ ಇದ್ದರೆ ಯಾರ ಗಂಟೇನು ಹೋಗುತ್ತೆ?”

ಅಕ್ಕ ಕೈಚೀಲದಿಂದ ಬೀಗದ ಕೈ ತೆಗೆದು ಅವರ ಅಂಗೈಯಲ್ಲಿಟ್ಟಳು.

ಆರಂಭ ಅಷ್ಟೇ. ಭಾವ ವ್ಯಾನು ಓಡಿಸಲು ಹೋದಾಗ ಸಾರ್‌ನನ್ನು ನೋಡಿಕೊಳ್ಳಲು ಬೇಕರಿಯವರ ಹೆಂಡತಿ ಬಂದಳು. ಬೇಕರಿಯವರ ಹೆಂಡತಿ ತನ್ನ ಕಣ್ಣು ಕಾಣದ ಅತ್ತೆಯನ್ನು ಬಿಟ್ಟು ತವರಿಗೆ ಹೋಗಬೇಕಾದಾಗ ಅಕ್ಕ ಅವಳ ಮನೆಯಲ್ಲಿ ಮಲಗಿದಳು. ರಜೆಯ ದಿನ ಅಕ್ಕ ದೊಡ್ಡಕ್ಕನ ತಲೆ ಬಾಚಿ, ಬೆನ್ನು ಒರೆಸಿ ಕೂತಿದ್ದರೆ ಭಾವ ಕ್ಷೌರಕ್ಕೆ ಹೋಗಿಬರುತ್ತಿದ್ದರು. ಇದನ್ನು ನೋಡಿದ ಪಕ್ಕದ ಬೀದಿಯವರು ಕೇಳಿದರು, ಅವರಿಂದ ಅವರ ಪಕ್ಕದವರು. ಯಾರ ಮನೆಯಲ್ಲಿ ಬಿಟ್ಟುಹೋಗಲಾಗದವರು ಇದ್ದಾರೋ ಅವರೆಲ್ಲ ಒಬ್ಬರಿಗೊಬ್ಬರು ಸರದಿಯ ಮೇಲೆ ಕೂರುವುದು ಎಂದಾಯಿತು. ಅದಕ್ಕೊಂದು ಹೆಸರೂ ಇರಲಿಲ್ಲ. ‘ಸರದಿಯವರು’ ಎಂದರೆ ತಿಳಿಯುತ್ತಿತ್ತು.

ಯಾರ ಮನೆಗೆ ಯಾರು ಹೋಗಬೇಕೆಂಬುದೆಲ್ಲ ಅಕ್ಕನ ತಲೆಯಲ್ಲಿತ್ತು. ಯಾವ ಅಜ್ಜ ಹೆಂಗಸರ ಕೈಯಲ್ಲಿ ಊಟ ಮಾಡುವುದಿಲ್ಲ, ಯಾವ ಅತ್ತೆ ಬೇಕರಿಯವರ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳುವುದಿಲ್ಲ, ಯಾರಿಬ್ಬರಿಗೆ ಹಳೇ ಜಗಳವಿದೆ, ಎಲ್ಲವೂ ಅವಳಿಗೆ ಗೊತ್ತು. ಸಾರ್‌ನ ಹತ್ತಿರ ಮಾತ್ರ ಭಾವನನ್ನೂ ಬೇಕರಿಯವರ ಹೆಂಡತಿಯನ್ನೂ ಬಿಟ್ಟು ಇನ್ನಾರನ್ನೂ ಕೂರಿಸುತ್ತಿರಲಿಲ್ಲ. ಮೂರ್ಛೆ ಬಂದಾಗ ಅವರಿಬ್ಬರೂ ಕಿರುಚುತ್ತಿರಲಿಲ್ಲ; ಪಕ್ಕಕ್ಕೆ ಹೊರಳಿಸಿ, ತಲೆಯಡಿ ಬಟ್ಟೆ ಕೊಟ್ಟು, ಮುಗಿಯುವವರೆಗೆ ಕಾಯುತ್ತಿದ್ದರು.

ವರ್ಷಗಳು ಕಳೆದಂತೆ ಮನೆಗಳು ಹೆಚ್ಚಿದವು, ಅಕ್ಕನ ತಲೆ ಮಾತ್ರ ಒಂದೇ ಇತ್ತು. ನೆಲಮಾಳಿಗೆಯಲ್ಲಿ ಮಿಷಿನ್ನಿನ ಪಕ್ಕ ಇಟ್ಟ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಇವತ್ತು ಬರಕ್ಕಾಗಲ್ಲ ಅಕ್ಕ. ಅವರು ಇನ್ನೂ ಬಂದಿಲ್ಲ ಅಕ್ಕ. ನಮ್ಮ ಮಾವ ಅವರನ್ನ ಹೊರಗೆ ಹಾಕಿದ್ದಾರೆ ಅಕ್ಕ. ಒಮ್ಮೆ ಫೋನಿಗೆ ಕೈ ಚಾಚುವಾಗ ಸೂಜಿ ಬೆರಳಿನ ಉಗುರನ್ನೇ ಹಾಯ್ದು ಹೋಯಿತು. ಮೇಲ್ವಿಚಾರಕ ಬ್ಯಾಂಡೇಜು ಸುತ್ತುತ್ತ, “ಎರಡು ಕೆಲಸ ಮಾಡ್ತಿದ್ದೀಯಮ್ಮ ನೀನು, ಒಂದನ್ನ ಬಿಡು,” ಎಂದ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ನಾಲ್ಕನೇ ಬೀದಿಯ ಮುದುಕರೊಬ್ಬರು ಸರದಿಯವನು ಫೋನಿನಲ್ಲಿ ಮಾತಾಡುತ್ತಿದ್ದಾಗ ಮಂಚದಿಂದ ಬಿದ್ದು ಸೊಂಟ ಮುರಿದುಕೊಂಡರು. ದೂರದಲ್ಲಿದ್ದ ಅವರ ಗಂಡುಮಕ್ಕಳು ಓಡಿಬಂದು, ‘ಇದಕ್ಕೆಲ್ಲ ಯಾರು ಜವಾಬ್ದಾರಿ?’ ಎಂದು ಬೀದಿಯಲ್ಲಿ ನಿಂತು ಕೂಗಿದರು. ಕೂತಿದ್ದವನು ಅಕ್ಕ ಕಳಿಸಿದಳು ಎಂದ. ಪಕ್ಕದ ಮನೆಯವರು ಅಕ್ಕನನ್ನು ಕೇಳಿ ಎಂದರು. ಗಂಡುಮಕ್ಕಳು ದೂರು ಕೊಟ್ಟರು. ಅಕ್ಕ ಪೊಲೀಸು ಠಾಣೆಯ ಗೋಡೆಗೊರಗಿ ಒಂದು ಇಡೀ ಮಧ್ಯಾಹ್ನ ನಿಂತಳು.

“ನೀವು ಯಾರು? ಸಂಸ್ಥೆಯವರಾ?” ಎಂದು ಠಾಣೆಯವರು ಕೇಳಿದರು.

“ಅಲ್ಲ.”

“ನರ್ಸಾ?”

“ಅಲ್ಲ.”

“ಮತ್ತೆ ಯಾವ ಅಧಿಕಾರದ ಮೇಲೆ ಕಂಡವರ ಮನೆಗೆ ಜನ ಕಳಿಸ್ತೀರಿ?”

ಕೊನೆಗೆ ಮುದುಕರೇ ಆಸ್ಪತ್ರೆಯ ಹಾಸಿಗೆಯಿಂದ ಹೇಳಿಕೆ ಕೊಟ್ಟು ಅವಳನ್ನು ಬಿಡಿಸಿದರು. ಮನೆಗೆ ಬಂದವಳು ಫೋನನ್ನು ಅಕ್ಕಿ ಡಬ್ಬದೊಳಗೆ ಹುದುಗಿಸಿ ಮುಚ್ಚಳ ಹಾಕಿದಳು. ಡಬ್ಬದೊಳಗಿನಿಂದಲೂ ಅದು ಹೊಡೆದುಕೊಂಡಿತು.

ಹೀಗೆ ಬಿಟ್ಟರೆ ಆಗದು, ಏನಾದರೂ ವ್ಯವಸ್ಥೆ ಬೇಕು ಎಂದು ಮೊದಲು ಹೇಳಿದವರು ಎರಡನೇ ಬೀದಿಯ ಗಣಿತದ ಮೇಷ್ಟ್ರು. ಕೆಲಸದಿಂದ ನಿವೃತ್ತರಾದವರು, ಮಾತಿನಲ್ಲಿ ಸ್ವಲ್ಪ ಪಾಠದ ಧಾಟಿ ಇದ್ದರೂ ಕೆಟ್ಟವರಲ್ಲ. ಬುದ್ಧಿ ಮಂಕಾದ ತಮ್ಮ ಅಣ್ಣನನ್ನು ಸರದಿಯವರ ಕೈಗೆ ಕೊಟ್ಟೇ ಅವರು ಕೊನೆಯ ಕೆಲವು ವರ್ಷ ಶಾಲೆಗೆ ಹೋಗಿದ್ದು. ಅವರು ಇಂಥ ಗುಂಪುಗಳಿಗೆ ದಾರಿ ತೋರಿಸುವ ಕಚೇರಿಯೊಂದರಿಂದ ಒಬ್ಬ ಸಲಹೆಗಾರ್ತಿಯನ್ನು ಕರೆಸಿದರು. ರಜೆಯ ದಿನ, ಶಾಲೆಯ ಸಭಾಂಗಣದಲ್ಲಿ ಎಲ್ಲರೂ ಸೇರಿದರು. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತ ದೊಡ್ಡವರನ್ನು ನೋಡಿ ಸಾರ್ ಒಬ್ಬೊಬ್ಬರಿಗೂ ಸಲಾಮು ಮುಗಿಸುವಷ್ಟರಲ್ಲಿ ಸಲಹೆಗಾರ್ತಿ ಹಲಗೆಯ ಮೇಲೆ ನಾಲ್ಕು ಚಿತ್ರಗಳನ್ನು ಅಂಟಿಸಿ ಆಗಿತ್ತು.

ಮೊದಲನೆಯದು ಬರೀ ಚುಕ್ಕಿಗಳು, ಎಲ್ಲದರಿಂದ ಎಲ್ಲದಕ್ಕೂ ಗೆರೆ.

“ನನ್ನ ಮೊಮ್ಮಗಳು ಗೋಡೆ ಮೇಲೆ ಗೀಚಿದ ಹಾಗಿದೆ,” ಎಂದರು ಬೇಕರಿಯವರು.

“ಅದೇ ನಾವು,” ಎಂದರು ಭಾವ. ಎಲ್ಲರೂ ನಕ್ಕರು.

ಎರಡನೆಯ ಚಿತ್ರದಲ್ಲಿ ಬೀದಿಗೊಂದು ಸಣ್ಣ ವೃತ್ತ, ವೃತ್ತಗಳ ನಡುವೆ ಒಂದೊಂದೇ ಎಳೆ. ಮೂರನೆಯದು ನೋಂದಾಯಿತ ಸಂಘ: ಕೆಳಗೆ ಸದಸ್ಯರು, ನಡುವೆ ಸಮಿತಿ, ಮೇಲೆ ಅಧ್ಯಕ್ಷರು. ನಾಲ್ಕನೆಯದರಲ್ಲಿ ದೊಡ್ಡ ಛತ್ರಿಯೊಂದರ ಕೆಳಗೆ ಎಲ್ಲರೂ; ಬೇರೆ ದೊಡ್ಡ ಸಂಸ್ಥೆಯ ಶಾಖೆಯಾಗುವುದು.

“ಇದರಲ್ಲಿ ಸರಿ ಯಾವುದು ತಪ್ಪು ಯಾವುದು ಅಂತ ನಾನು ಹೇಳಲ್ಲ,” ಎಂದಳು ಸಲಹೆಗಾರ್ತಿ. ವಯಸ್ಸು ಚಿಕ್ಕದು, ದನಿ ಮೆತ್ತಗೆ. “ನಿಮ್ಮ ಜಾಗಕ್ಕೆ, ನಿಮ್ಮ ಜನಕ್ಕೆ ಯಾವುದು ಒಗ್ಗುತ್ತೆ ಅನ್ನೋದು ನಿಮಗೇ ಗೊತ್ತು. ಒಂದು ಮಾತ್ರ ಕೇಳ್ಕೊಳ್ಳಿ. ಏನಾದರೂ ಹೆಚ್ಚುಕಮ್ಮಿ ಆದರೆ ಜನ ಯಾರ ಬಾಗಿಲು ತಟ್ಟಬೇಕು?”

ಛತ್ರಿಯನ್ನು ಯಾರೂ ಒಪ್ಪಲಿಲ್ಲ. ಭಾವ ಎದ್ದು ಎರಡನೆಯ ಚಿತ್ರವನ್ನು ತೋರಿಸಿದರು.

“ಬೀದಿ ಅಂದರೆ ಹತ್ತಿಪ್ಪತ್ತು ಮನೆ. ಯಾರಿಗೆ ಯಾರು ಆಗ್ತಾರೆ, ಯಾರು ಆಗಲ್ಲ ಅನ್ನೋದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಿರುತ್ತೆ. ಬರಬೇಕಾದವನು ಬರದೇ ಇದ್ದರೆ ಅವನ ಬಾಗಿಲಿಗೆ ಹೋಗಿ ಬೈಬಹುದು. ಸಮಿತೀನ ಎಲ್ಲಿಗೆ ಹೋಗಿ ಬೈಯೋದು?”

“ಬೈಯೋದೇ ಒಂದು ವ್ಯವಸ್ಥೆ ಅಂತೀರಾ ಭಾವ?” ಎಂದರು ಮೇಷ್ಟ್ರು.

“ಇಷ್ಟು ವರ್ಷ ಅದೇ ನಡೆಸ್ತಲ್ಲ.”

“ನಡೆಸ್ತು, ನಮ್ಮ ಬೀದೀಲಿ. ನಾಲ್ಕನೇ ಬೀದೀಲಿ ಎಲ್ಲಾ ಮನೇಲೂ ಮಲಗಿರೋರೇ. ಅಲ್ಲಿ ಯಾರು ಯಾರ ಹತ್ತಿರ ಕೂರ್ತಾರೆ? ಬೀದಿಗೊಂದು ವೃತ್ತ ಅಂದರೆ ಅವರ ಪಾಡು ಅವರಿಗೆ ಅಂತ ತಾನೇ ಅರ್ಥ?”

ಭಾವ ಮತ್ತೆ ಬೆಂಚಿನಲ್ಲಿ ಕೂತರು. ಎಲ್ಲರ ಕಣ್ಣೂ ಅಕ್ಕನ ಕಡೆ ತಿರುಗಿತು. ಅವಳು ಏಳಲಿಲ್ಲ, ಕೂತಲ್ಲೇ ಬೆಂಚಿನ ಅಂಚು ಹಿಡಿದು ಮಾತಾಡಿದಳು.

“ಠಾಣೇಲಿ ನನ್ನನ್ನ ನೀವು ಯಾರು ಅಂತ ಕೇಳಿದರು. ನಾನು ಯಾರೂ ಅಲ್ಲ ಅಂತ ಅವತ್ತು ಗೊತ್ತಾಯ್ತು. ಭಾವ ಹೇಳೋದು ಚೆನ್ನಾಗಿದೆ, ಆದರೆ ಪ್ರತಿ ಬೀದೀಲೂ ಒಬ್ಬಳು ನನ್ನಂಥೋಳು ಬೇಕಾಗುತ್ತೆ. ನನಗೆ ಆಗಿದ್ದು ಇನ್ನು ಮೂರು ಜನಕ್ಕೆ ಆಗೋದು ಬೇಡ. ಜವಾಬ್ದಾರಿ ಒಂದು ಕಡೆ ಇರಲಿ. ನಿಯಮ ಅಂತ ಇರಲಿ. ಎಲ್ಲರಿಗೂ ಒಂದೇ ನಿಯಮ. ನನಗೆ ಸಾಕಾಗಿದೆ.”

ಕೊನೆಯ ಮಾತಿಗೆ ಅವಳು ಅತ್ತೇಬಿಟ್ಟಳು. ಅದಾದ ಮೇಲೆ ಚರ್ಚೆಯೇ ನಡೆಯಲಿಲ್ಲ. ಮೂರನೆಯ ಚಿತ್ರಕ್ಕೆ ಕೈಗಳು ಎದ್ದವು. ಭಾವನೂ ಕೈಯೆತ್ತಿದರು, ಅವಳ ಮುಖ ನೋಡಿ ಎತ್ತಿದರು. ಅಧ್ಯಕ್ಷೆಯಾಗು ಎಂದರೆ ಅವಳು ಸುತರಾಂ ಒಪ್ಪಲಿಲ್ಲವಾದ್ದರಿಂದ ಮೇಷ್ಟ್ರು ಅಧ್ಯಕ್ಷರಾದರು. ಆಸ್ಪತ್ರೆಯಿಂದ ನಿವೃತ್ತರಾಗಿದ್ದ ನರ್ಸಮ್ಮ ಯಾರನ್ನು ಎಲ್ಲಿಗೆ ಕಳಿಸಬೇಕೆಂಬುದನ್ನು ವಹಿಸಿಕೊಂಡರು. ಅಕ್ಕ ಸಮಿತಿಯಲ್ಲಿ ಒಬ್ಬ ಸದಸ್ಯೆ.

ಮೊದಲ ಕೆಲವು ತಿಂಗಳು ಅವಳಿಗೆ ಎರಡನೇ ಜನ್ಮವೇ ಬಂದಂತಾಯಿತು. ಮುಚ್ಚಿಹೋಗಿದ್ದ ಅಂಚೆ ಕಚೇರಿಯ ಕೋಣೆ ಸಂಘಕ್ಕೆ ಸಿಕ್ಕಿತು. ಅಲ್ಲಿ ಒಂದು ಫೋನು, ಅದನ್ನೆತ್ತಲು ದಿನಕ್ಕೊಬ್ಬರು. ಅಕ್ಕನ ಫೋನು ಮೌನವಾಯಿತು. ಊಟದ ವಿರಾಮದಲ್ಲಿ ಹೊದಿಕೆಗಳ ರಾಶಿಗೆ ಒರಗಿ ಅವಳು ನಿದ್ದೆ ಹೋದಳು. ನಾಲ್ಕನೇ ಬೀದಿಯ, ಅಲ್ಲಿಯವರೆಗೆ ಯಾರೂ ಸುಳಿಯದಿದ್ದ ಮನೆಗಳಿಗೂ ಜನ ಹೋಗತೊಡಗಿದರು. ಸೊಂಟ ಮುರಿದ ಮುದುಕರ ಮಕ್ಕಳೇ ಬಂದು ಸದಸ್ಯರಾದರು. ‘ನೋಡಿದಿರಾ?’ ಎಂದು ಮೇಷ್ಟ್ರು ಅವಳಿಗೆ ಹೇಳಿದಾಗ ಅವಳು ಮನಸಾರೆ ಹೌದೆಂದಳು.

ಒಂದು ಮಧ್ಯಾಹ್ನ ಬೇಕರಿಯವರ ಹೆಂಡತಿಗೆ ಜ್ವರ. ಬೆಳಗ್ಗೆ ಹೋದ ಭಾವನ ವ್ಯಾನು ಕೆಟ್ಟು ದಾರಿಯಲ್ಲಿ ನಿಂತಿತ್ತು. ಅಂದು ನರ್ಸಮ್ಮ ಊರಲ್ಲಿರಲಿಲ್ಲ, ಕೋಣೆಯಲ್ಲಿ ಫೋನೆತ್ತಿದವರಿಗೆ ಸಾರ್‌ನ ವಿಷಯ ಅಷ್ಟಾಗಿ ಗೊತ್ತಿರಲಿಲ್ಲ. ಬಿಡುವಿದ್ದವರಲ್ಲಿ ಮೊದಲು ಸಿಕ್ಕವಳನ್ನು ಕಳಿಸಿದರು: ಮೂರನೇ ಬೀದಿಗೆ ಹೊಸದಾಗಿ ಬಂದ, ಕಂಕುಳಲ್ಲಿ ಕೂಸಿದ್ದ ಒಬ್ಬ ತಾಯಿ. ಸಾರ್ ಬಸ್ ಸ್ಟಾಪಿಗೆ ಹೋಗೋಣ ಎಂದು ಹಟ ಹಿಡಿದ; ಬಸ್ಸುಗಳಿಗೆ ಸಲಾಮು ಹೊಡೆಯುವುದೆಂದರೆ ಅವನಿಗೆ ಪ್ರಾಣ. ಅವಳು ಕರೆದುಕೊಂಡು ಹೋದಳು. ಅಲ್ಲಿ ಅವನಿಗೆ ಮೂರ್ಛೆ ಬಂತು. ಬೀಳುವಾಗ ಹಣೆ ಪಾದಚಾರಿ ದಾರಿಯ ಕಲ್ಲಿನಂಚಿಗೆ ಬಡಿದು ಸೀಳಿತು. ಅವಳು ಕೂಸನ್ನು ಅವಚಿಕೊಂಡು ಕಿರುಚುತ್ತ ನಿಂತಳು. ಜನ ಸೇರಿದರು. ಯಾರೋ ಅವನ ಬಾಯಿಗೆ ನೀರು ಹೊಯ್ದರು, ಅದು ನೆತ್ತಿಗೇರಿ ಉಸಿರು ಕಟ್ಟಿತು. ಆಸ್ಪತ್ರೆಗೆ ಮುಟ್ಟುವ ಹೊತ್ತಿಗೆ ಅವನ ತುಟಿ ನೀಲಿಯಾಗಿತ್ತು.

ಸಾರ್ ಉಳಿದ. ಹಣೆಗೆ ಹೊಲಿಗೆ ಹಾಕಿದರು. ಅಕ್ಕ ಆಸ್ಪತ್ರೆಗೆ ಓಡಿಬಂದಾಗ ಆ ತಾಯಿ ಗೋಡೆಯ ಮೂಲೆಯಲ್ಲಿ ಮುದುರಿ ಕೂತಿದ್ದಳು, ಸೆರಗೆಲ್ಲ ರಕ್ತ. “ಅಕ್ಕ, ನನಗೆ ಗೊತ್ತಿರಲಿಲ್ಲ ಅಕ್ಕ,” ಎಂಬುದೊಂದೇ ಮಾತು. ಅಕ್ಕ ಅವಳ ಕೂಸನ್ನು ಎತ್ತಿಕೊಂಡು ಅವಳನ್ನು ಮುಖ ತೊಳೆಯಲು ಕಳಿಸಿದಳು. ಆದರೆ ಅವಳ ಗಂಡ ಅಷ್ಟಕ್ಕೆ ಬಿಡಲಿಲ್ಲ. ಸಂಘದ ಕೋಣೆಗೆ ಬಂದು ಮೇಜು ಗುದ್ದಿ ಕೇಳಿದ: “ನನ್ನ ಹೆಂಡತಿ ಕೈಯಲ್ಲಿ ಅವನು ಸತ್ತಿದ್ದರೆ?”

ಸಮಿತಿ ಸೇರಿತು. ಅಂಚೆ ಕಚೇರಿಯ ಹಳೆಯ ಮೇಜಿನ ಸುತ್ತ ಏಳೆಂಟು ಜನ. ಮೊದಲು ಮಾತಾಡಿದವರು ನರ್ಸಮ್ಮ. ಅವರು ಅಕ್ಕನ ಕೈಯನ್ನು ಹಿಡಿದುಕೊಂಡೇ ಹೇಳಿದರು.

“ತಪ್ಪು ತಿಳ್ಕೋಬೇಡಮ್ಮ. ಮೂರ್ಛೆ ಬರೋರು, ಉಸಿರಿಗೆ ಯಂತ್ರ ಬೇಕಾದೋರು, ಇಂಥೋರ ಹತ್ತಿರ ಕೂರೋಕೆ ಕಲಿತಿರೋ ಜನ ಬೇಕು. ನಮ್ಮ ಹತ್ತಿರ ಇಲ್ಲ. ನಾನೊಬ್ಬಳು ಎಷ್ಟು ಕಡೆ ಇರಲಿ? ಏನಾದರೂ ಆದರೆ ಕೂತೋರ ಬಾಳೂ ಹಾಳು.”

“ಸಾರ್ ಒಬ್ಬನ ವಿಷಯ ಅಲ್ಲ ಇದು,” ಎಂದರು ಮೇಷ್ಟ್ರು, ಅಕ್ಕನನ್ನು ನೋಡದೆ. “ಒಟ್ಟಾರೆ ನಿಯಮ. ಇಂಥವರನ್ನ ಸದ್ಯಕ್ಕೆ ಸಂಘ ವಹಿಸಿಕೊಳ್ಳೋದಿಲ್ಲ ಅಂತ. ಸಾರ್‌ಗೆ ಬೇರೆ ಏನಾದರೂ ಏರ್ಪಾಡು ಮಾಡೋಣ, ಮಾಡದೇ ಇರ್ತೀವಾ? ಆದರೆ ಅದು ಸಂಘದ ಹೊರಗೆ.”

ಅಕ್ಕ ಕೇಳುತ್ತ ಕೂತಳು. ಜವಾಬ್ದಾರಿ, ಒಂದೇ ನಿಯಮ, ಕೂತವರಿಗೆ ಆಗಬಾರದ್ದು ಆಗುವುದು ಬೇಡ. ಎಲ್ಲವೂ ತಾನೇ ಶಾಲೆಯ ಬೆಂಚಿನಲ್ಲಿ ಕೂತು ಆಡಿದ ಮಾತುಗಳು. ಯಾವುದನ್ನು ಅಲ್ಲವೆನ್ನಬೇಕು? ಬಸ್ ಸ್ಟಾಪಿನಲ್ಲಿ ಬಿದ್ದವನು ಬೇರೆಯವರ ತಮ್ಮನಾಗಿದ್ದರೆ ತಾನು ಏನು ಹೇಳುತ್ತಿದ್ದೆ ಎಂದು ಯೋಚಿಸಿದಳು. ತನ್ನ ಮನೆಯದಕ್ಕೆ ಮಾತ್ರ ವಿನಾಯಿತಿ ಕೊಡಿ ಎಂದು ಕೇಳಲು ಅವಳ ನಾಲಿಗೆ ಏಳಲಿಲ್ಲ. ಇಷ್ಟನ್ನೆಲ್ಲ ಕಟ್ಟಿದವಳು ತನ್ನವನಿಗಾಗಿ ನಿಯಮ ಬಗ್ಗಿಸಿದಳು ಎನ್ನಿಸಿಕೊಳ್ಳುವುದೇ? ಮೇಷ್ಟ್ರು ಒಪ್ಪಿಗೆ ಕೇಳಿದಾಗ ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಕೈಯೆತ್ತಿದಳು. ಕೋಣೆಯಲ್ಲಿ ಎಲ್ಲರ ಉಸಿರೂ ಹಗುರಾದದ್ದು ಅವಳಿಗೆ ಕೇಳಿಸಿತು.

ಹೊರಗಿನ ಏರ್ಪಾಡು ಬರಲೇ ಇಲ್ಲ. ಯಾರೂ ಬೇಡವೆನ್ನಲಿಲ್ಲ, ಎಲ್ಲರೂ ‘ಮಾಡೋಣ’ ಎಂದರು. ಬೇಕರಿಯವರ ಹೆಂಡತಿ ಜ್ವರದಿಂದ ಎದ್ದವಳು ಮೊದಲಿನಂತಾಗಲಿಲ್ಲ, ಅವಳನ್ನೇ ನೋಡಿಕೊಳ್ಳಲು ಒಬ್ಬರು ಬೇಕಾದರು. ಭಾವ ಮಾತ್ರ ಏನೂ ಆಗಿಲ್ಲವೆಂಬಂತೆ ಬೆಳಗಿನ ವ್ಯಾನು ಮುಗಿಸಿ ಬಂದು ಸಾರ್‌ನನ್ನು ತಮ್ಮ ಮನೆಗೆ ಕರೆದೊಯ್ಯುತ್ತಿದ್ದರು. ಅವರು ಸಂಜೆಯ ವ್ಯಾನಿಗೆ ಹೊರಡುವುದಕ್ಕೂ ಅಕ್ಕ ಮನೆಗೆ ಬರುವುದಕ್ಕೂ ನಡುವೆ ಒಂದಿಷ್ಟು ಹೊತ್ತು ಸಾರ್ ಒಬ್ಬನೇ ಇರಬೇಕಾಗುತ್ತಿತ್ತು. ಅಷ್ಟನ್ನು ಹೇಗೋ ನಿಭಾಯಿಸಬಹುದು ಎಂದುಕೊಂಡಳು ಅಕ್ಕ.

ಒಂದು ಭಾನುವಾರ ಬೆಳಗ್ಗೆ ಭಾವ ಬಂದರು. ಒಳಗೆ ಬಂದು ಕೂರುವವರು ಬಾಗಿಲಲ್ಲೇ ನಿಂತರು.

“ಮೇಷ್ಟ್ರು ಕರೆಸಿದ್ದರು,” ಎಂದರು. “ದೊಡ್ಡಕ್ಕನ ಹತ್ತಿರ ಸಂಘದೋರು ಬಂದು ಕೂತಿರ್ತಾರೆ, ಸಾರ್ ಕೂಡ ಅಲ್ಲೇ ಇರ್ತಾನೆ. ಅವನಿಗೆ ಏನಾದರೂ ಆದರೆ ಅಲ್ಲಿ ಕೂತಿರೋರ ತಲೆಗೆ ಬರುತ್ತೆ, ಸಂಘದ ತಲೆಗೆ ಬರುತ್ತೆ ಅಂತಾರೆ.”

“ಏನು ಮಾಡಬೇಕಂತೆ?”

“ಅವನು ಬರೋದಾದರೆ ಅವರು ಬರಲ್ಲ.”

ಭಾವ ಚಪ್ಪಲಿಯ ತುದಿಯಿಂದ ಹೊಸ್ತಿಲು ಕೆರೆಯುತ್ತಿದ್ದರು.

“ನಾನು ಬಿಟ್ಟು ಬಿಡ್ತೀನಮ್ಮ ಸಂಘಾನ. ಏನಾಗುತ್ತೆ? ವ್ಯಾನು ಬಿಡ್ತೀನಿ. ಮನೇಲಿ ಇಬ್ಬರನ್ನೂ ನೋಡ್ಕೊಂಡು...”

“ದೊಡ್ಡಕ್ಕನ್ನ ಒಬ್ಬರೇ ಎತ್ತಕ್ಕಾಗುತ್ತಾ ಭಾವ?”

ದೊಡ್ಡಕ್ಕನನ್ನು ಹೊರಳಿಸಲು ಇಬ್ಬರು ಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಹೊರಳಿಸದಿದ್ದರೆ ಬೆನ್ನಿನ ಹುಣ್ಣು ಏನಾಗುತ್ತದೆ ಎಂಬುದೂ ಗೊತ್ತಿತ್ತು. ವ್ಯಾನು ಬಿಟ್ಟರೆ ಒಲೆ ಉರಿಯುವುದು ಹೇಗೆ ಎಂಬುದೂ.

“ನೀವು ಸಂಘದಲ್ಲೇ ಇರಿ,” ಎಂದಳು ಅಕ್ಕ. “ನಾನು ಏನಾದರೂ ಮಾಡ್ಕೋತೀನಿ.”

“ಏನು ಮಾಡ್ಕೋತೀಯ?”

“ಏನಾದರೂ.”

“ಅವತ್ತು ಶಾಲೇಲಿ ನೀನು ಹಾಗೆ ಅಳದೇ ಇದ್ದಿದ್ದರೆ...” ಎಂದು ಶುರು ಮಾಡಿದವರು ನಿಲ್ಲಿಸಿದರು. ಒಳಗಿನಿಂದ ಸಾರ್ ಓಡಿಬಂದು ಸಲಾಮು ಹೊಡೆದು ಚಪ್ಪಲಿ ಮೆಟ್ಟಿಕೊಳ್ಳತೊಡಗಿದ, ಭಾವನ ಜೊತೆ ಹೊರಡಲು. ಭಾವ ಅವನ ತಲೆ ಸವರಿದರು. “ಇವತ್ತು ಬೇಡ ಸಾರ್,” ಎಂದು ಹೇಳಿ ತಿರುಗಿ ನೋಡದೆ ಬೀದಿ ದಾಟಿದರು.

ಅಂದು ಮಧ್ಯಾಹ್ನದಿಂದಲೇ ಅಕ್ಕ ಹಳೆಯ ಮನೆಗಳ ಬಾಗಿಲು ತಟ್ಟುತ್ತ ಹೊರಟಳು. ಮೊದಲಿನ ಹಾಗೆ, ಯಾವ ಸಂಘವೂ ಇಲ್ಲದೆ, ಒಬ್ಬರಿಗೊಬ್ಬರು. ಎಲ್ಲ ಕಡೆಯೂ ಅವಳನ್ನು ಒಳಗೆ ಕರೆದು ಕೂರಿಸಿದರು, ಚಹಾ ಕೊಟ್ಟರು. ಅವಳ ಋಣ ತೀರಿಸಲಾಗದು ಎಂದರು. ಒಬ್ಬಳು, “ನನ್ನ ಸರದಿ ಆ ದಿನ ಬೇರೆ ಮನೆಗೆ ಹಾಕಿದ್ದಾರಲ್ಲ ಅಕ್ಕ,” ಎಂದಳು. ಇನ್ನೊಬ್ಬರು, “ನಮಗೇನೂ ಇಲ್ಲ, ಸಂಘದಿಂದ ಒಂದು ಮಾತು ಹೇಳಿಸಿಬಿಡಿ,” ಎಂದರು. ಸುಳ್ಳು ಹೇಳಿದವರು ಯಾರೂ ಇಲ್ಲ. ಮೊದಲು ಕರೆದರೆ ಎದ್ದು ಬರುತ್ತಿದ್ದವರೇ ಈಗ ತಮ್ಮ ಪಾಲಿನದನ್ನು ಮುಗಿಸಿ ನೆಮ್ಮದಿಯಾಗಿದ್ದರು. ಆ ನೆಮ್ಮದಿಯನ್ನು ಅವರಿಗೆ ಕೊಟ್ಟದ್ದು ಅವಳೇ. ಹೋಟೆಲಿನ ಹೊದಿಕೆಗಳ ಮೇಲೆ ಅದೇ ನೆಮ್ಮದಿಯಲ್ಲಿ ತಾನೂ ನಿದ್ದೆ ಮಾಡಿದ್ದಳು. ಹೀಗಿರುವಾಗ ಯಾರ ಮೇಲೆ ಸಿಟ್ಟಾಗುವುದು? ಮೂರನೇ ಬೀದಿಯಲ್ಲಿ, ಅಂದು ಬಸ್ ಸ್ಟಾಪಿನಲ್ಲಿ ಕಿರುಚುತ್ತ ನಿಂತಿದ್ದ ಆ ತಾಯಿ ಅವಳನ್ನು ದೂರದಿಂದಲೇ ಕಂಡು ಕದ ಮುಚ್ಚಿದಳು.

ಕೆಲಸವನ್ನು ಮನೆಗೆ ಕೊಡಿ ಎಂದು ಅಕ್ಕ ಮೇಲ್ವಿಚಾರಕನನ್ನು ಕೇಳಿದಳು. ಹೋಟೆಲಿನ ಬಟ್ಟೆ ಹೋಟೆಲಿನ ಹೊರಗೆ ಹೋಗುವಂತಿಲ್ಲ ಎಂದ. ಸಾರ್‌ನನ್ನೇ ಜೊತೆಗೆ ಕರೆದೊಯ್ದಳು. ಎರಡು ದಿನ ಅವನು ಮಿಷಿನ್ನಿನ ಪಕ್ಕ ಸ್ಟೂಲಿನ ಮೇಲೆ ಕೂತ. ಮುಂದಿನ ದಿನ ಉಗಿಯ ಇಸ್ತ್ರಿಯ ಪಕ್ಕದಲ್ಲೇ ಮೂರ್ಛೆ ಬಂದು ಬಿದ್ದ. ನಾಳೆಯಿಂದ ಕರೆತರಬೇಡ ಎಂದರು. ಮತ್ತೆ ಬೀಗ ಬಂತು. ಆದರೆ ಸಾರ್ ಈಗ ಮೊದಲಿನ ಸಾರ್ ಆಗಿರಲಿಲ್ಲ. ವರ್ಷಗಟ್ಟಲೆ ಜನರ ನಡುವೆ ಇದ್ದು ರೂಢಿಯಾದವನಿಗೆ ಮುಚ್ಚಿದ ಬಾಗಿಲು ಅರ್ಥವಾಗಲಿಲ್ಲ. ಭಾವನನ್ನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಎದುರು ಮನೆಯಲ್ಲಿ ದೊಡ್ಡಕ್ಕನ ಮಂಚದ ಪಕ್ಕ ಕೂತು ಭಾವ ಆ ಕೂಗನ್ನು ಕೇಳಿದರು. ಒಂದು ದಿನ ಅವನು ಕಿಟಕಿಯ ಗಾಜು ಒಡೆದು ಕೈ ತೂರಿಸಿದ. ಅಕ್ಕ ಬಂದು ಬಾಗಿಲು ತೆರೆದಾಗ ನೆಲವೆಲ್ಲ ಗಾಜು, ಅವನು ಮೂಲೆಯಲ್ಲಿ ಕೂತು ಕೈಯನ್ನು ಅಂಗಿಯಲ್ಲಿ ಮುಚ್ಚಿಕೊಂಡಿದ್ದ, ಬೈಯುತ್ತಾಳೆಂದು.

ನರ್ಸಮ್ಮನೇ ಓಡಾಡಿ ಊರಾಚೆಯ ಆಶ್ರಯಮನೆಯಲ್ಲಿ ಅವನಿಗೆ ಜಾಗ ಕೊಡಿಸಿದರು. ಎರಡು ಬಸ್ ಬದಲಿಸಿ ಹೋಗಬೇಕು. ಉದ್ದನೆಯ ಕೋಣೆ, ಎರಡು ಸಾಲು ಮಂಚ, ಬೆಳಕು ಬರುವ ಕಿಟಕಿಗಳು ಮೇಲೆ, ಯಾರಿಗೂ ಹೊರಗೆ ಕಾಣದಷ್ಟು ಎತ್ತರದಲ್ಲಿ. ಬಿಟ್ಟುಬರುವ ದಿನ ಅವನು ಅವಳ ಕೈಚೀಲವನ್ನು ಬಿಗಿಯಾಗಿ ಹಿಡಿದುಕೊಂಡ. ಆಯಾ ಒಂದೊಂದೇ ಬೆರಳು ಬಿಡಿಸಿದಳು.

ಅಕ್ಕ ಪ್ರತಿ ರಜೆಯ ದಿನ ಹೋದಳು. ಮೊದಮೊದಲು ಅವನು ಅವಳನ್ನು ಕಂಡೊಡನೆ ಎದ್ದು ಚಪ್ಪಲಿ ಹುಡುಕುತ್ತಿದ್ದ. “ಹೋಗೋಣ ಅಕ್ಕ, ಹೋಗೋಣ.” ಮೂರ್ಛೆ ಬರಬಾರದೆಂದು ಅಲ್ಲಿ ಮಾತ್ರೆ ಹೆಚ್ಚು ಕೊಡುತ್ತಿದ್ದರು. ಕಣ್ಣು ಜೋತು, ನಾಲಿಗೆ ದಪ್ಪವಾಗಿ, ಅನ್ನದ ಅಗಳು ಬಾಯಿಯ ಅಂಚಿನಲ್ಲೇ ನಿಲ್ಲುತ್ತಿತ್ತು. “ಸ್ವಲ್ಪ ಕಡಿಮೆ ಮಾಡಿ,” ಎಂದು ಅಕ್ಕ ಕೇಳಿಕೊಂಡಳು.

“ನೋಡಮ್ಮ,” ಎಂದಳು ಆಯಾ, “ನಾವಿರೋದು ಇಬ್ಬರು. ಇಷ್ಟು ಮಂಚ. ಒಬ್ಬೊಬ್ಬರೂ ಬೀಳ್ತಾ ಏಳ್ತಾ ಇದ್ದರೆ ನಾವೇನು ಮಾಡೋಣ?”

ಇವಳದ್ದೂ ನ್ಯಾಯವೇ. ಎಲ್ಲರ ಮಾತೂ ನ್ಯಾಯವಾಗಿಯೇ ಇತ್ತು. ಚಳಿಗಾಲ ಬರುವ ಹೊತ್ತಿಗೆ ಸಾರ್ ಚಪ್ಪಲಿ ಹುಡುಕುವುದನ್ನು ಬಿಟ್ಟ. ಅವಳು ಬಂದರೂ ಏಳುತ್ತಿರಲಿಲ್ಲ, ಹೊರಟರೂ ಕೈ ಹಿಡಿಯುತ್ತಿರಲಿಲ್ಲ. ಅವನ ಕೈ ಹಣೆಯವರೆಗೆ ಏರುವುದನ್ನು ಅಲ್ಲಿನವರು ಯಾರೂ ಒಮ್ಮೆಯೂ ಕಂಡಿರಲಿಲ್ಲ. ಅವನನ್ನು ಅವರು ಮಂಚದ ನಂಬರಿನಿಂದ ಕರೆಯುತ್ತಿದ್ದರು.

ಸಂಘದ ವಾರ್ಷಿಕ ಸಭೆ ಬಂತು. ಸಂಘ ಚೆನ್ನಾಗಿ ಬೆಳೆದಿತ್ತು, ಅದು ಸುಳ್ಳಲ್ಲ. ಊರಿನ ಇನ್ನೊಂದು ಭಾಗದಿಂದ ಏಳೆಂಟು ಜನ ಇದನ್ನು ನೋಡಿ ಕಲಿಯಲು ಬಂದಿದ್ದರು. ಅವರನ್ನು ಕರೆತಂದವಳು ಅದೇ ಸಲಹೆಗಾರ್ತಿ. ಮೇಷ್ಟ್ರು ಭಾಷಣದಲ್ಲಿ ಅಕ್ಕನನ್ನು ಸಂಸ್ಥಾಪಕಿ ಎಂದು ಕರೆದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ದನಿ ನಿಜಕ್ಕೂ ಗದ್ಗದವಾಗಿತ್ತು. ಅಕ್ಕ ಎದ್ದು ಕೈ ಮುಗಿದು ಕೂತಳು.

ಸಭೆ ಮುಗಿದ ಮೇಲೆ ಬಂದಿದ್ದವರಲ್ಲಿ ಒಬ್ಬ ಹೆಂಗಸು ಅವಳ ಪಕ್ಕಕ್ಕೆ ಬಂದು ಕೂತಳು. ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಫೋನು, ಮಾತಾಡುವಾಗಲೂ ಅದನ್ನೇ ನೋಡುತ್ತಿದ್ದಳು.

“ನಮ್ಮ ಕಡೆ ಎಲ್ಲಾ ನನ್ನ ತಲೆ ಮೇಲೇ ಇದೆ ಅಕ್ಕ. ಬೀದಿಗೊಂದು ಗುಂಪು ಮಾಡೋದಾ, ನಿಮ್ಮ ಥರ ಸಂಘ ಮಾಡೋದಾ, ಹೀಗೇ ಬಿಡೋದಾ, ಏನೂ ತೋಚ್ತಿಲ್ಲ. ನೀವೇನು ಹೇಳ್ತೀರಿ?”

ಅಕ್ಕ ಅವಳ ಮುಖ ನೋಡಿದಳು. ಹೀಗೇ ಬಿಡು ಎಂದರೆ ಇವಳು ಸಾಯುತ್ತಾಳೆ. ಸಂಘ ಮಾಡು ಎನ್ನಲೇ? ಬೀದಿಗೊಂದು ಗುಂಪು ಎಂದರೆ ಅಲ್ಲೂ ಒಂದು ನಾಲ್ಕನೇ ಬೀದಿ ಇದ್ದೇ ಇರುತ್ತದೆ. ಹೇಳಲು ಏನಾದರೂ ಇದೆಯೇ ಎಂದು ತನ್ನೊಳಗೆ ತಡಕಾಡಿದಳು, ಕೈಗೆ ಏನೂ ಸಿಗಲಿಲ್ಲ.

“ನೋಂದಣಿಗೆ ಬೆಳಗ್ಗೆ ಬೇಗ ಹೋಗಿ,” ಎಂದಳು. “ಮಧ್ಯಾಹ್ನದ ಮೇಲೆ ಆ ಕಚೇರಿ ಕಿಟಕಿ ತೆಗೆಯಲ್ಲ.”

ಹೆಂಗಸು ತಲೆಯಾಡಿಸಿದಳು. “ನಿಮ್ಮ ಮನೇಲಿ ಯಾರನ್ನ ನೋಡ್ಕೊಳ್ಳೋಕೆ ಬರ್ತಾರೆ ಸಂಘದೋರು?”

“ಯಾರನ್ನೂ ಇಲ್ಲ. ಮನೇಲಿ ನಾನೊಬ್ಬಳೇ.”

“ಒಳ್ಳೇದಾಯ್ತು ಬಿಡಿ, ನಿರಾಳ,” ಎಂದಳು ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ. ಅವಳ ಫೋನು ಹೊಡೆದುಕೊಂಡಿತು, ಎದ್ದು ಹೋದಳು.

ಅಂದು ಸಂಜೆ ದೊಡ್ಡಕ್ಕನ ಹತ್ತಿರ ಅಕ್ಕನ ಸರದಿಯಿತ್ತು. ಸಂಘದಿಂದ ಇನ್ನೊಬ್ಬಳು ಬಂದಳು. ಇಬ್ಬರೂ ಸೇರಿ ದೊಡ್ಡಕ್ಕನನ್ನು ಹೊರಳಿಸಿ ಬೆನ್ನು ಒರೆಸಿದರು, ಹಾಸಿಗೆ ಬದಲಿಸಿದರು. ಹುಣ್ಣು ಒಣಗುತ್ತ ಬಂದಿತ್ತು. ಇನ್ನೊಬ್ಬಳು ಹೊರಟ ಮೇಲೆ ಅಕ್ಕ ಗಂಜಿ ಕುಡಿಸಿದಳು, ತಲೆ ಬಾಚಿದಳು. ದೊಡ್ಡಕ್ಕನ ಕಣ್ಣು ಅವಳ ಮುಖದ ಮೇಲೇ ಇತ್ತು, ಏನೋ ಕೇಳುವ ಹಾಗೆ. ಅಕ್ಕ ಆ ಕಡೆ ನೋಡಲಿಲ್ಲ. ಭಾವ ಮನೆಯಲ್ಲಿರಲಿಲ್ಲ. ಅವಳ ಸರದಿಯ ದಿನ ಅವರು ಅವಳು ಬರುವ ಮೊದಲೇ ಹೊರಟುಬಿಡುತ್ತಿದ್ದರು, ಅವಳು ಹೋದ ಮೇಲೆ ಬರುತ್ತಿದ್ದರು.